ಜನಾನಾ ಮೋಟಾರಿನ ಗಾಜು

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಒಳಗೆ ಹೋಗುವವಳು ನಾನು. ಸಣ್ಣವಳಿದ್ದಾಗಿನಿಂದಲೂ ಹಾಗೆಯೇ. ತಾಂಡೂರಿನಲ್ಲಿ ನಮ್ಮಪ್ಪ ಹಾಸುಗಲ್ಲು ಮಾರುತ್ತಿದ್ದ. ಕಲ್ಲು ಒಟ್ಟುತ್ತಿದ್ದ ಜಾಗದ ಹಿಂದೆ ಒಂದು ಹಾಳು ಬಾವಿ ಇತ್ತು. ಅದರೊಳಗೆ ಹೆಣ್ಣೊಂದು ಅಳುತ್ತದೆಂದು ಓಣಿಗೆ ಓಣಿಯೇ ಹೇಳುತ್ತಿತ್ತು. ನಾನೊಂದು ದಿನ ಹೋಗಿ ಬಗ್ಗಿ ನೋಡಿ, ಅಳುವುದು ಪಾರಿವಾಳ ಎಂದು ಬಂದು ಹೇಳಿದೆ. ಹೆದರಿ ಜ್ವರ ಹಿಡಿಸಿಕೊಂಡಿದ್ದವರಿಗೆಲ್ಲ ಅವಮಾನವಾಗಿ, ನನಗೆ ಅವ್ವನಿಂದ ಏಟು ಬಿತ್ತು.

ಅಂಥವಳು ಇದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ನಿಮಗೆ ಒತ್ತಾಯ ಮಾಡುವುದಿಲ್ಲ, ನನಗೇ ಇದು ಅರ್ಧ ನಂಬಿಕೆ, ಅರ್ಧ ಅನುಮಾನ. ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಡದಿರುವುದಕ್ಕೆ ಕಾರಣ ನಾಚಿಕೆ. ಎಂಥ ನಾಚಿಕೆ ಎಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

ನಿಜಾಮರ ರಾಜ್ಯ ಇದ್ದಾಗಿನ ಮಾತು. ನನ್ನನ್ನು ನಾರಾಯಣಖೇಡಕ್ಕೆ ಕೊಟ್ಟಿದ್ದರು. ನಮ್ಮ ಮನೆಯವರು ಮೊದಲು ಜಹೀರಾಬಾದಿನ ಬಸ್ಸಿನಲ್ಲಿ ಕ್ಲೀನರ್ ಆಗಿದ್ದರು. ಗಂಡನ ಹೆಸರು ಹೇಳುವ ರೂಢಿ ನನಗೆ ಈ ವಯಸ್ಸಿಗೂ ಬಂದಿಲ್ಲ, ಹಾಗಾಗಿ ಮನೆಯವರು ಎಂದೇ ಬರೆಯುತ್ತೇನೆ. ಅವರ ಕೈಗೆ ಒಂದು ಗುಣವಿತ್ತು. ಎಂಥ ಮಂಕು ಬಣ್ಣದ ಗಾಡಿಯೂ ಅವರು ಉಜ್ಜಿದ ಮೇಲೆ ಮುಖ ಕಾಣುವ ಹಾಗೆ ಆಗುತ್ತಿತ್ತು. ಬಸ್ಸಿನ ಮೇಲೆ ಅಷ್ಟು ಪ್ರೀತಿ ಯಾರಿಗೂ ಬೇಕಿರಲಿಲ್ಲ. ಆದರೆ ಊರಿನ ಜಾಗೀರದಾರರ ಡ್ರೈವರನ ಕಣ್ಣಿಗೆ ಅದು ಬಿತ್ತು. ಅಂದಿನಿಂದ ಜಾಗೀರದಾರರ ದೇವಡಿಯಲ್ಲಿ, ಅಂದರೆ ಅವರ ದೊಡ್ಡ ಮನೆಯಲ್ಲಿ, ಮೋಟಾರು ಒರೆಸುವ ನೌಕರಿ ಸಿಕ್ಕಿತು.

ದೇವಡಿಯಲ್ಲಿ ಎರಡು ಮೋಟಾರು ಇದ್ದವು. ಗಂಡಸರದ್ದು ಒಂದು, ಹೆಂಗಸರದ್ದು ಒಂದು. ಹೆಂಗಸರ ಮೋಟಾರಿಗೆ, ಅದೇ ಜನಾನಾ ಮೋಟಾರಿಗೆ, ಸುತ್ತಲೂ ಒಳಗಿನಿಂದ ದಪ್ಪ ಪರದೆ. ಅದರ ಒಳಭಾಗವನ್ನು ಗಂಡಸರು ಮುಟ್ಟುವ ಹಾಗಿರಲಿಲ್ಲ, ಖಾಲಿ ಇದ್ದಾಗಲೂ ಇಣುಕುವ ಹಾಗಿರಲಿಲ್ಲ. ಬೇಗಂ ಸಾಹೇಬರು ಕೂತ ಸೀಟು, ಒರಗಿದ ದಿಂಬು ಪರಗಂಡಸಿನ ಕಣ್ಣಿಗೆ ಬೀಳಬಾರದು. ಮುಂದೆ ಡ್ರೈವರನಿಗೂ ಹಿಂದಿನವರಿಗೂ ನಡುವೆ ಮರದ ಹಲಗೆಯ ಅಡ್ಡಗೋಡೆ. ಹಾಗಾಗಿ ಹೊರಗಿನ ಬಣ್ಣ ಉಜ್ಜಲು ಗಂಡಸು, ಒಳಗೆ ಒರೆಸಲು ಹೆಂಗಸು. ಗಂಡ ಹೆಂಡತಿಯಾದರೆ ಯಾರೂ ಯಾರ ಮೇಲೂ ಮಾತು ತರುವುದಿಲ್ಲ ಎಂದು ಬೇಗಂ ಸಾಹೇಬರು ನನ್ನನ್ನು ಕರೆಸಿದರು.

ಲಡಾಯಿಯ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಆ ಮೋಟಾರು ತಿಂಗಳಿಗೊಮ್ಮೆ ಹೊರಟರೆ ಹೆಚ್ಚು. ಆದರೆ ಒರೆಸುವುದು ದಿನವೂ ತಪ್ಪುತ್ತಿರಲಿಲ್ಲ. ಎಲ್ಲಿಗೂ ಹೋಗದ ಗಾಡಿಯನ್ನು ನಾವಿಬ್ಬರೂ ನಾಳೆ ದಿಬ್ಬಣಕ್ಕೆ ಹೊರಡುವುದೇನೋ ಎಂಬಂತೆ ಸಿಂಗರಿಸುತ್ತಿದ್ದೆವು. ನಾನು ಸೀಟಿನ ತೊಗಲಿಗೆ ಒಂಚೂರು ಹರಳೆಣ್ಣೆ ತೀಡುತ್ತಿದ್ದೆ, ಮರದ ಪಟ್ಟಿಗಳಿಗೆ ಅಗಸೆ ಎಣ್ಣೆ ಸವರುತ್ತಿದ್ದೆ, ಪರದೆ ಕಳಚಿ ಕೊಡವಿ ಮತ್ತೆ ಹಾಕುತ್ತಿದ್ದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ದಿನಾ ತೊಗಲು ತಿಕ್ಕುತ್ತಾಳೆ ಎಂದು ತವರಿನ ಕಡೆಯವರು ನಾಲ್ಕು ಜನರ ಮುಂದೆ ನನ್ನ ಕೆಲಸದ ಮಾತೇ ಎತ್ತುತ್ತಿರಲಿಲ್ಲ. ಅವರ ಕಾಲಲ್ಲಿದ್ದ ಕೆರವೇನು ಹತ್ತಿಯದ್ದೇ ಎಂದು ಕೇಳಬೇಕೆನ್ನಿಸುತ್ತಿತ್ತು, ಕೇಳುತ್ತಿರಲಿಲ್ಲ. ನನ್ನ ಅತ್ತೆಯಂತೂ ನಾನು ಮಿಂದು ಬರದೆ ಅಡುಗೆಮನೆಯ ಹೊಸ್ತಿಲು ದಾಟಗೊಡುತ್ತಿರಲಿಲ್ಲ.

ಎಲ್ಲಕ್ಕಿಂತ ತ್ರಾಸದ ಕೆಲಸ ಗಾಜು. ಹಳೇ ಕಾಗದದಿಂದ ಒರೆಸಿದರೆ ಗಾಜು ಚೆನ್ನಾಗಿ ಆಗುತ್ತದೆ. ಆದರೆ ದೇವಡಿಗೆ ಬರುತ್ತಿದ್ದದ್ದು ಉರ್ದು ಪೇಪರು, ಅದರಲ್ಲಿ ಎಲ್ಲಾದರೂ ಅಲ್ಲಾನ ಹೆಸರು ಅಚ್ಚಾಗಿರುತ್ತದೆ, ಅದರಿಂದ ಧೂಳು ಒರೆಸಕೂಡದು. ಹಾಗಾಗಿ ನಾವು ಸೀಮೆಸುಣ್ಣವನ್ನು ನುಣ್ಣಗೆ ಅರೆದು ನೀರಲ್ಲಿ ಕಲಸಿ ಗಾಜಿನ ಎರಡೂ ಮಗ್ಗುಲಿಗೆ ಬಳಿಯುತ್ತಿದ್ದೆವು. ಅದು ಒಣಗಿ ಬೆಳ್ಳಗಾದ ಮೇಲೆ ಹೊರಗಿನಿಂದ ಅವರು, ಒಳಗಿನಿಂದ ನಾನು ಒಣ ಬಟ್ಟೆಯಿಂದ ಒಟ್ಟಿಗೇ ತಿಕ್ಕುವುದು. ನಾನು ಪರದೆಯ ಸಂದಿಯಲ್ಲಿ ಕೈ ಮಾತ್ರ ತೂರಿಸುತ್ತಿದ್ದೆ. ಪರದೆ ಓರೆಯಾದಾಗ ಆ ಬಿಳುಪಿನಾಚೆ ಅವರ ಅಂಗೈಯ ಕಪ್ಪು ನೆರಳು ಕಾಣುತ್ತಿತ್ತು, ಅಷ್ಟೇ. ಕೊನೆಗೆ ಒಂದು ಕಲೆ ಉಳಿದೇ ಉಳಿಯುತ್ತದೆ, ಅದು ಯಾರ ಮಗ್ಗುಲಿನದು ಎಂದು ತಿಳಿಯುವುದಿಲ್ಲ. ಆಗ ಅವರು ಬೆರಳಿನಿಂದ ಗಾಜು ಒಮ್ಮೆ ತಟ್ಟಿದರೆ ನಿನ್ನ ಕಡೆಯದು ಎಂದು ಅರ್ಥ. ಎರಡು ಸಲ ತಟ್ಟಿದರೆ ಆಯಿತು, ಬಿಡು ಎಂದು.

ಈಗಿನವರಿಗೆ ಇದು ತಮಾಷೆ ಎನ್ನಿಸಬಹುದು, ಆದರೆ ನಮ್ಮಿಬ್ಬರ ಸಂಸಾರದ ಮಾತುಕತೆ ನಡೆಯುತ್ತಿದ್ದದ್ದು ಅಲ್ಲಿಯೇ. ಮನೆಯಲ್ಲಿ ಹಿರಿಯರ ಮುಂದೆ ಹಗಲು ಹೊತ್ತು ಗಂಡನ ಜೊತೆ ಮಾತಾಡುವಂತಿರಲಿಲ್ಲ. ಬೇಸಿಗೆ ಬಂತೆಂದರೆ ಗಂಡಸರೆಲ್ಲ ಹೊರಗಿನ ಕಟ್ಟೆಯ ಮೇಲೆ, ಹೆಂಗಸರೆಲ್ಲ ಒಳ ಅಂಗಳದಲ್ಲಿ ಮಲಗುವುದು. ಮೋಟಾರಿನೊಳಗೆ ಕೂತ ನಾನು ಗಾಜಿಗೆ ಬಾಯಿ ಹಚ್ಚಿ ಮೆಲ್ಲಗೆ ಮನೆಯ ಸುದ್ದಿ ಹೇಳುತ್ತಿದ್ದೆ. ಅವರು ಹೊರಗಿನಿಂದ ಉತ್ತರ ಕೊಡುವಂತಿರಲಿಲ್ಲ, ಬಾಗಿಲ ಕಾವಲಿನ ಖಾಸಿಂ ಚಾಚಾನ ಕಿವಿ ಬಲು ಚುರುಕು. ತಟ್ಟುತ್ತಿದ್ದರು. ಮೊದಲೇ ಅವರು ಮಾತಿನಲ್ಲಿ ಜಿಪುಣರು. ಅವರಿಗೆ ಆ ಏರ್ಪಾಡು ಬಹಳ ಸುಖವಾಗಿತ್ತೆಂದು ಕಾಣುತ್ತದೆ.

ಮದುವೆಯಾಗಿ ಏಳೆಂಟು ವರ್ಷವಾದರೂ ನನಗೆ ಮಕ್ಕಳಾಗಲಿಲ್ಲ. ಅತ್ತೆ ಕೆಟ್ಟವಳಲ್ಲ. ಒಂದು ದಿನ ಜೋಳ ಹಸನು ಮಾಡುತ್ತ, ನನ್ನ ಒಳ್ಳೆಯದಕ್ಕೇ ಹೇಳುತ್ತಿರುವಂತೆ ಹೇಳಿದಳು.

"ಹೊರಗಿನಾಕಿ ಯಾಕ ಬೇಕವ್ವ? ನಿನ್ನ ತಂಗಿ ನೀಲಾನೇ ಬರಲಿ. ಅಕ್ಕ ತಂಗಿ ಕೂಡಿ ಇರ್ತೀರಿ, ಜಗಳಿಲ್ಲ ಏನಿಲ್ಲ. ನೀ ಹೂಂ ಅಂದ್ರ ನಿಮ್ಮಪ್ಪನೂ ಹೂಂ ಅಂತಾನ."

ನಾನು ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಮನೆಯವರು ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರೂ ಏನೂ ಅನ್ನಲಿಲ್ಲ. ಆ ಮೌನ ನನ್ನನ್ನು ಹುರಿದು ಹಾಕಿತು. ಅದಾದ ಮೇಲೆ ನಾನು ಮೋಟಾರಿನೊಳಗೂ ಬಾಯಿ ಮುಚ್ಚಿದೆ. ಸಿಟ್ಟಿಗೆ ಗಾಜು ತಿಕ್ಕುತ್ತಿದ್ದೆ, ಅವರು ತಟ್ಟಿದರೂ ತಿರುಗಿ ತಟ್ಟುತ್ತಿರಲಿಲ್ಲ. ಅವರಿಗೆ ಊಟ ಬಡಿಸುವುದನ್ನೂ ಅತ್ತೆಗೇ ಬಿಟ್ಟೆ, ಅವರು ಯಾವಾಗ ಬಂದರು, ಹೋದರು ಎಂದೂ ನೋಡುತ್ತಿರಲಿಲ್ಲ. ಹಾಗೆ ಹಲವು ದಿನ ಕಳೆದವು.

ಆ ದಿನ ಮಟಮಟ ಮಧ್ಯಾಹ್ನ. ಬಿಸಿಲಿಗೆ ನಾಯಿ ಕೂಡ ಓಡಾಡದ ಹೊತ್ತು. ಜನಾನಾದ ಬಾಗಿಲಿನಿಂದ ಮೋಟಾರಿನ ಬಾಗಿಲಿನವರೆಗೆ ಎರಡೂ ಕಡೆ ಬಟ್ಟೆಯ ಮರೆ ಕಟ್ಟಿರುತ್ತಿದ್ದರು. ನಾನು ಅದರೊಳಗಿನಿಂದಲೇ ನೇರ ಮೋಟಾರಿಗೆ ಹತ್ತುವವಳು, ಹೊರಗೆ ಯಾರಿದ್ದಾರೆಂದು ಎಂದೂ ನೋಡುವ ಪ್ರಸಂಗವಿರಲಿಲ್ಲ. ಅಂದೂ ಹಾಗೆಯೇ ಹತ್ತಿದೆ. ಸೀಟು ಒರೆಸಿದೆ. ಗಾಜಿನ ಆಚೆಯ ಮಗ್ಗುಲು ಆಗಲೇ ಸುಣ್ಣದಿಂದ ಬೆಳ್ಳಗಿತ್ತು, ನನ್ನ ಮಗ್ಗುಲಿಗೂ ಬಳಿದೆ, ಅದು ಒಣಗುವಷ್ಟು ಹೊತ್ತು ಮರದ ಪಟ್ಟಿ ನೋಡಿಕೊಂಡೆ. ಹೊರಗೆ ಬಣ್ಣದ ಮೇಲೆ ಬಟ್ಟೆ ಆಡುವ ಸಪ್ಪಳ ಕೇಳುತ್ತಲೇ ಇತ್ತು. ಗುಂಡಗೆ ಗುಂಡಗೆ, ಅವಸರವಿಲ್ಲದೆ. ಡಬ್ಬಿಯ ಮೇಣದ ವಾಸನೆಯೂ ಬಂತು. ಅದೇ ಹೊತ್ತಿಗೆ ಅವರು ಗಾಜಿಗೆ ಬಂದರು. ನಾನು ಪರದೆಯ ಸಂದಿಯಲ್ಲಿ ಕೈ ಹಾಕಿ ತಿಕ್ಕತೊಡಗಿದೆ, ಆಚೆಯ ನೆರಳು ನನ್ನ ಕೈ ಹಿಂದೆಯೇ ಬಂತು.

ನನಗೆ ಅಂದು ಏನಾಯಿತೋ. ಕಾವಿಗೆ ತಲೆ ಕೆಟ್ಟಿತೋ, ಒಳಗಿನದು ತುಂಬಿ ಬಂದಿತೋ. ಮೊದಲು, "ಏನ್ರಿ, ನೀಲಾನ್ನ ಕೇಳಾಕ ಹೋಗಬ್ಯಾಡ್ರಿ" ಎಂದೆ. ಕೈ ತಿಕ್ಕುತ್ತಲೇ ಇತ್ತು. "ಬೇಕಾದ್ರ ಬ್ಯಾರೆ ಯಾರನ್ನರ ತರ್ರಿ, ಆಕಿ ಬ್ಯಾಡ" ಎಂದೆ. ಅಂದ ಕೂಡಲೇ ಅದು ಸುಳ್ಳೆನಿಸಿತು. "ಯಾರೂ ಬ್ಯಾಡ್ರಿ" ಎಂದೆ. ಅಳು ಬಂತು. ಅಳುತ್ತ, ಒಬ್ಬ ಹೆಂಗಸು ಬಾಯಿಬಿಟ್ಟು ಹೇಳಬಾರದ್ದನ್ನು ಹೇಳಿದೆ.

"ಈ ಮೋಟಾರಿನ ಮೈ ದಿನಾ ಇಷ್ಟೊತ್ತು ಸವರ್ತೀರಿ. ನನ್ನ ಮೈ ಮ್ಯಾಲ ಅಷ್ಟೊತ್ತು ನಿಮ್ಮ ಕೈ ಎಂದರ ಇತ್ತೇನ್ರಿ? ಇದನ್ನ ನೋಡಿದ್ರ ನಂಗ ಹೊಟ್ಟಿಕಿಚ್ಚು ಬರ್ತದ. ನಾ ಮಾರಿ ತಿರುವಿ ಮಲಗ್ತೀನಲ್ಲ, ಅದು ಸಿಟ್ಟಲ್ರಿ. ನೀವು ಕರೀಲಿ ಅಂತ ಹಂಗ ಮಲಗ್ತೀನಿ. ನೀವು ಕರಿಯಂಗೇ ಇಲ್ಲ."

ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗಿದೆ. ಆದರೆ ಬರೆಯದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ.

ಆಚೆಯ ಕೈ ನಿಂತಿತು. ಆಮೇಲೆ ಬಟ್ಟೆ ಬಿಟ್ಟು ಬರಿ ಅಂಗೈ ಗಾಜಿಗೆ ಒತ್ತಿತು, ಐದು ಬೆರಳೂ ಬಿಡಿಸಿಕೊಂಡು. ನಾನು ನನ್ನ ಅಂಗೈಯನ್ನು ಅದರ ಮೇಲೆ ಇಟ್ಟೆ. ಗಾಜು ಬಿಸಿಲಿಗೆ ಕಾದು ಮೈಯಷ್ಟೇ ಬೆಚ್ಚಗಿತ್ತು. ಆಮೇಲೆ ಆ ಬೆರಳು ಎರಡು ಸಲ ತಟ್ಟಿತು. ಆಯಿತು, ಬಿಡು.

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಎದೆ ಹಗುರಾಯಿತು. ನನಗೆ ಅಂದು ಬಂದ ಸಂತೋಷ ಎಂಥದೆಂದರೆ, ನಿಯಮ ನಿಬಂಧನೆ ಎಲ್ಲ ಮರೆತು ಬಟ್ಟೆಯ ಮರೆ ಸರಿಸಿ ಹೊರಗೆ ಬಂದುಬಿಟ್ಟೆ, ಒಮ್ಮೆ ಅವರ ಮುಖ ನೋಡೋಣವೆಂದು. ಅಲ್ಲಿ ಯಾರೂ ಇರಲಿಲ್ಲ.

ಮೋಟಾರು ಮಾತ್ರ ಥಳಥಳ ಹೊಳೆಯುತ್ತಿತ್ತು. ಬಾನೆಟ್ಟಿನ ಮೇಲೆ ನನ್ನ ಮುಖ, ಸೆರಗಿನ ಅಂಚು ಸಹಿತ ಕಾಣುತ್ತಿತ್ತು. ಆದರೆ ನೀರಿನ ಬಕೀಟು ಮೂಲೆಯಲ್ಲಿ ಬೋರಲಾಗಿತ್ತು. ನೆಲ ಒಣ ಒಣ, ಒಂದು ಹೆಜ್ಜೆಯ ಗುರುತಿಲ್ಲ. ಮೇಣದ ಡಬ್ಬಿ ಮುಚ್ಚಿ ಗೂಡಿನಲ್ಲಿತ್ತು, ಉಜ್ಜುವ ಬಟ್ಟೆಗಳು ಹಗ್ಗದ ಮೇಲೆ ಒಣಗಿ ಸೆಟೆದು ನಿಂತಿದ್ದವು. ಆಗಲೇ ಮುಗಿಸಿ ಹೊರಟುಹೋದರೇನೋ ಎಂದುಕೊಂಡು ಬಾಗಿಲಿಗೆ ಹೋದೆ. ಖಾಸಿಂ ಚಾಚಾ ನೆರಳಿನಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ. ನಮ್ಮ ಮನೆಯವರು ಯಾವ ಕಡೆ ಹೋದರೆಂದು ಕೇಳಿದೆ. ಚಾಚಾ ನನ್ನ ಮುಖವನ್ನೇ ನೋಡಿದ.

"ನಿನ್ನ ಗಂಡ ನಿನ್ನೆ ಸಂಜಿ ಬಸ್ಸಿಗೇ ಹೋಗ್ಯಾನಲ್ಲ ಬೇಟಿ. ಜಹೀರಾಬಾದಿಗೆ ಹೋಗಿ ರೈಲ್ ಹತ್ತತೀನಿ, ತಾಂಡೂರಿಗೆ ಮಾವನ ಮನಿಗೆ ಹೊಂಟೀನಿ ಅಂದ. ನಿನಗ ಹೇಳಿಲ್ಲೇನು? ಇವತ್ತ ಫಜರ್ ನಮಾಜಿನಿಂದ ಈ ಕಡಿ ಗಂಡಸು ಹುಳಾನೂ ಬಂದಿಲ್ಲ."

ಎರಡು ಪೆಟ್ಟು ಒಟ್ಟಿಗೇ ಬಿದ್ದವು. ನನ್ನ ಗಂಡ ನನ್ನ ತಂಗಿಯನ್ನು ಕೇಳಲು ನನಗೊಂದು ಮಾತು ಹೇಳದೆ ಹೋಗಿದ್ದರು, ಅದೊಂದು. ಮತ್ತೆ ನಾನು ಯಾರ ಮುಂದೆ ಅತ್ತೆ? ಯಾರ ಅಂಗೈಗೆ ಅಂಗೈ ಕೊಟ್ಟೆ? ನಿಮಗೆ ವಿಚಿತ್ರ ಎನ್ನಿಸಬಹುದು, ಮೊದಲಿನ ಪೆಟ್ಟಿಗಿಂತ ಎರಡನೆಯದೇ ನನಗೆ ಹೆಚ್ಚು ನೋವು ಕೊಟ್ಟಿತು. ಸವತಿ ಬಂದರೆ ಊರಿಗೆಲ್ಲ ಗೊತ್ತಾಗಿ ಬರುವ ದುಃಖ, ನಾಲ್ಕು ಜನರ ಮುಂದೆ ಅತ್ತು ಹಗುರಾಗಬಹುದು. ಇದನ್ನು ಯಾರ ಮುಂದೆ ಹೇಳುವುದು? ನಾನು ತಿರುಗಿ ಬಂದು ಮೋಟಾರಿನ ಪಾವಟಿಗೆಯ ಮೇಲೆ ಕೂತೆ. ಭಯ ಬರಲಿಲ್ಲ. ಮೈಮೇಲೆ ಬಟ್ಟೆ ಇಲ್ಲದೆ ಬೀದಿಯಲ್ಲಿ ನಿಂತವಳ ಹಾಗೆ ಆಗಿತ್ತು.

ಅಂದಿನಿಂದ ದೇವಡಿಯ ಒಬ್ಬೊಬ್ಬ ಗಂಡಸಿನ ಕೈಯನ್ನೂ ನೋಡತೊಡಗಿದೆ. ತೋಟದ ಮಾಲಿಯ ಕೈ, ನೀರು ಹೊರುವವನ ಕೈ, ಸಂಜೆ ಬಂದು ಬಾನೆಟ್ಟಿನ ಮೇಲೆ ಬೆರಳಾಡಿಸಿ, "ಇವತ್ತ ಭಾಳ ಛಲೋ ಉಜ್ಯಾನ" ಎಂದು ಹೊಗಳಿದ ಡ್ರೈವರನ ಕೈ. ಅವನಿಗೂ ಮನೆಯವರು ಊರಲ್ಲಿಲ್ಲದ್ದು ಗೊತ್ತಿರಲಿಲ್ಲ. ಯಾರಾದರೂ ನಕ್ಕರೆ ನನ್ನನ್ನು ನೋಡಿಯೇ ನಕ್ಕರೆನಿಸುತ್ತಿತ್ತು. ಚಾಚಾನೇ ಬಂದು ತಮಾಷೆಗೆ ಗಾಜು ಒರೆಸಿ ಎಲ್ಲ ಕೇಳಿಸಿಕೊಂಡನೇ? ಅವನ ಬೆರಳುಗಳು ವಾತದಿಂದ ಸೊಟ್ಟಗಾಗಿದ್ದವು. ಗಾಜಿನ ಮೇಲೆ ಒತ್ತಿದ್ದ ಬೆರಳು ನೆಟ್ಟಗಿದ್ದವು. ಆದರೂ ಕೆಲವು ದಿನ ಅವನ ಎದುರಿಗೆ ತಲೆಯೆತ್ತಲಾರದೆ ಹಿತ್ತಲ ಬಾಗಿಲಿನಿಂದ ಹೋಗಿ ಬಂದೆ. ಮಾರನೆಯ ದಿನದಿಂದ ಆಚೆ ಯಾರೂ ಇಲ್ಲದೆ ನನ್ನ ಮಗ್ಗುಲಿನ ಗಾಜನ್ನಷ್ಟೇ ತಿಕ್ಕಿದೆ, ಬಾಯಿಗೆ ಸೆರಗು ಕಚ್ಚಿಕೊಂಡು.

ಎರಡು ಮೂರು ದಿನ ಬಿಟ್ಟು ಮನೆಯವರು ತಿರುಗಿ ಬಂದರು. ಒಬ್ಬರೇ. ಅತ್ತೆ ಅಂಗಳದಲ್ಲೇ ನಿಂತು ಬಾಯಿ ತೆರೆಯುವ ಮೊದಲೇ ಅವರು ಚಪ್ಪಲಿ ಬಿಡುತ್ತ ಹೇಳಿದರು, "ಆ ಮಾತು ಇನ್ನ ತೆಗೀಬ್ಯಾಡ ಅವ್ವ. ನಾ ಕೇಳಿಲ್ಲ. ಕೇಳಾಂವನೂ ಅಲ್ಲ." ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನ ಕಡೆ ಅವರು ನೋಡಲಿಲ್ಲ. ನಾನೂ ನೋಡಲಿಲ್ಲ. ಅತ್ತೆ ಕಾರಣ ಕೇಳಿದಳು, ಬೈದಳು, ಅತ್ತಳು. ಅವರು ಕಾರಣ ಹೇಳಲೇ ಇಲ್ಲ.

ಪಂಚಮಿಗೆ ತವರಿಗೆ ಹೋದಾಗ ನೀಲಾ ತಾನಾಗಿ ಆ ಸುದ್ದಿ ತೆಗೆದಳು. ಅವಳಿಗೆ ಭಾವ ಬಂದದ್ದು ಯಾಕೆಂದೇ ಗೊತ್ತಿರಲಿಲ್ಲ.

"ಭಾವ ಬಂದಾಗ ಅಪ್ಪ ಊರಾಗ ಇರಲಿಲ್ಲಕ್ಕ. ಬಂದ ದಿನಾನ ಮಧ್ಯಾನ ಉಂಡು, ಬ್ಯಾವಿನಗಿಡದ ಕೆಳಗ ಹಾಸುಗಲ್ಲ ಮ್ಯಾಲ ಅಡ್ಡಾದ್ರು. ನಿದ್ದ್ಯಾಗ ಕೈ ಹಿಂಗ ಗುಂಡಗ ಆಡಸಾಕತ್ತಿದ್ರು, ಮೋಟಾರ್ ಒರಸಿದಂಗ. ನಾವು ನಕ್ಕೇ ನಕ್ವಿ. ಆಮ್ಯಾಲ ಅಂಗೈ ಕಲ್ಲಿಗೆ ಒತ್ತಿ ಇಟ್ಟೇ ಬಿಟ್ರು, ಎಷ್ಟೊತ್ತಾದ್ರೂ ತೆಗೀಲಿಲ್ಲ. ಎಚ್ಚರಾದ ಮ್ಯಾಲ ಮಾರಿ ಕೆಂಪಗ ಆಗಿತ್ತು. ಅಪ್ಪ ಸಂಜಿಗೆ ಬರ್ತಾನ್ರಿ ಅಂದ್ರ ಕೇಳ್ದೆ ಹೊಂಟೇಬಿಟ್ರು."

ನಾನು ಅವಳ ಜೊತೆ ನಕ್ಕೆ. ನಕ್ಕು, ನೀರು ತರುವ ನೆಪ ಮಾಡಿ ಎದ್ದು ಹೋದೆ.

ಇದನ್ನು ನಾನು ಸುಮ್ಮನೆ ಒಪ್ಪಿಕೊಂಡವಳಲ್ಲ. ದಿನವೆಲ್ಲ ಒಂದೇ ಕೆಲಸ ಮಾಡುವವರ ಕೈ ನಿದ್ದೆಯಲ್ಲಿ ಆಡುತ್ತದೆ, ಅದರಲ್ಲಿ ಅತಿಶಯವೇನಿಲ್ಲ. ನೀಲಾ ಒಂದಕ್ಕೆ ಎರಡು ಸೇರಿಸಿ ಹೇಳುವವಳು, ಅದೂ ನನಗೆ ಗೊತ್ತು. ಹಿಂದಿನ ಸಂಜೆ ಹೊರಡುವ ಮುಂಚೆ ಮನೆಯವರೇ ಮೋಟಾರು ಉಜ್ಜಿ, ಗಾಜಿಗೆ ಸುಣ್ಣ ಬಳಿದು ಹೋಗಿರಬಹುದು. ನೆರಳನ್ನು ಬಿಸಿಲು ಮಾಡಿರಬಹುದು, ಸಪ್ಪಳವನ್ನು ನನ್ನ ಕಿವಿಯೇ ಮಾಡಿಕೊಂಡಿರಬಹುದು. ಇಷ್ಟೆಲ್ಲ ಹೇಳಿಕೊಂಡ ಮೇಲೂ ಒಂದು ಉಳಿಯುತ್ತದೆ. ನಾನು ಹೊರಗೆ ಬಂದು ನೋಡಿದಾಗ ಗಾಜಿನ ಹೊರಮಗ್ಗುಲಿನಲ್ಲಿ ಸುಣ್ಣದ ಒಂದು ಕಣವೂ ಇರಲಿಲ್ಲ. ಅದನ್ನು ಒರೆಸಿದವರು ಯಾರು? ಪಾರಿವಾಳ ಒರೆಸುವುದಿಲ್ಲ.

ಇನ್ನೊಂದು ಮಾತು ಹೇಳಬೇಕು. ಮಳೆ ಬಿದ್ದು ನಾವು ಒಳಗೆ ಮಲಗತೊಡಗಿದ ಮೇಲೆ, ನಾನು ಮೊದಲಿನ ಹಾಗೆ ಮುಖ ತಿರುಗಿಸಿ ಮಲಗಿದರೆ ಅವರು ಕರೆಯುತ್ತಿದ್ದರು. ಮೆಲ್ಲಗೆ, ಇಷ್ಟೇ, "ಏ, ಈ ಕಡಿ ಹೊಳ್ಳು." ಅದಕ್ಕೂ ಮೊದಲು ಅವರು ಹಾಗೆ ಎಂದೂ ಕರೆದವರಲ್ಲ. ಆ ಸುಖದ ನಡುವೆಯೂ ನಾನು ನಾಚಿಕೆಯಿಂದ ಹಿಡಿಯಷ್ಟಾಗಿ ಹೋಗುತ್ತಿದ್ದೆ, ಇವರಿಗೆ ಇದನ್ನು ಹೇಳಿದವರು ಯಾರು ಎಂದು.

ನಮಗೆ ಮಕ್ಕಳಾಗಲಿಲ್ಲ. ಸವತಿಯೂ ಬರಲಿಲ್ಲ. ಜಾಗೀರು ಹೋಯಿತು, ಪರದೆಯ ಮೋಟಾರನ್ನು ಯಾರೋ ಕೊಂಡೊಯ್ದು ಪರದೆ ಕಿತ್ತು ಬಾಡಿಗೆಗೆ ಓಡಿಸಿದರು. ನಾವು ತಾಂಡೂರಿಗೆ ಬಂದು ನೆಲೆಸಿದೆವು. ಅವರು ಲಾರಿಗಳಿಗೆ ಬಣ್ಣ ಬಳಿಯುವ ಕೆಲಸ ಹಿಡಿದರು, ನಾನು ಮಠದಲ್ಲಿ ಕಲಿತ ಅಕ್ಷರದ ಬಲದಿಂದ ಓಣಿಯ ಮಕ್ಕಳಿಗೆ ಪಾಠ ಹೇಳಿದೆ. ಅಷ್ಟು ವರ್ಷದ ಸಂಸಾರದಲ್ಲಿ ನಾವು ಮಾತಾಡದ ವಿಷಯವಿಲ್ಲ, ಇದೊಂದನ್ನು ಬಿಟ್ಟು. ಕೇಳುವುದೇನು ಕಷ್ಟ ಎಂದು ನೀವು ಅನ್ನಬಹುದು. ಕೇಳಬೇಕಾದರೆ ನಾನು ಅಂದು ಏನು ಹೇಳಿದೆನೆಂದು ಮೊದಲು ಹೇಳಬೇಕು. ಅವರು ಕೇಳಿಸಿಕೊಂಡಿರದಿದ್ದರೆ? ಆಗ ಆ ಮಾತನ್ನು ಹಗಲಿನಲ್ಲಿ, ಗಾಜಿನ ಮರೆಯೂ ಇಲ್ಲದೆ, ಅವರ ಮುಖ ನೋಡಿಕೊಂಡು ಆಡಬೇಕಾಗುತ್ತಿತ್ತು.

ಒಮ್ಮೆ ಮಾತ್ರ ಬಾಯಿಯ ತನಕ ಬಂತು. ಇಬ್ಬರಿಗೂ ವಯಸ್ಸಾಗಿತ್ತು. ಸಂಜೆ ಕಟ್ಟೆಯ ಮೇಲೆ ಕೂತಿದ್ದೆವು. "ಏನ್ರಿ, ನೀವು ಆ ಸಲ ನನಗ ಹೇಳದ ತಾಂಡೂರಿಗೆ ಬಂದಿದ್ರಲ್ಲ" ಎಂದು ಶುರು ಮಾಡಿದೆ. ಅವರು ಥಟ್ಟನೆ ನನ್ನ ಕಡೆ ತಿರುಗಿದರು. ಅಷ್ಟು ಬೇಗ ಅವರು ಯಾವುದಕ್ಕೂ ತಿರುಗುವವರಲ್ಲ.

"ಹೂಂ, ಹೇಳು" ಎಂದರು.

"ಏನಿಲ್ರಿ. ಆ ದಿನ ಬಿಸಲು ಭಾಳಿತ್ತು" ಎಂದೆ.

ಅವರು ಬೀದಿಯ ಕಡೆ ಮುಖ ತಿರುಗಿಸಿ, "ಹೌದು, ಭಾಳಿತ್ತು" ಎಂದರು. ಅವರ ಕಿವಿ ಕೆಂಪಾಗಿತ್ತು. ಮುಳುಗುವ ಬಿಸಿಲು ಬಿದ್ದು ಹಾಗೆ ಕಂಡಿತೋ ಏನೋ, ನನಗೆ ಗೊತ್ತಿಲ್ಲ. ಮರುವರ್ಷ ಅವರು ತೀರಿಕೊಂಡರು.